ಅಪ್‌ಡೇಟ್: ಸ್ಟೋರ್ಸ್ ಟ್ಯಾಬ್ ಕೆಲಸದವರಿಗೆ ಒಗ್ಗಿದೆಯೋ ಇಲ್ಲವೋ

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಘಟಕವೊಂದರ ಸ್ಟೋರ್ಸ್‌ಗೆ ಬಂದ ಹೊಸ ಟ್ಯಾಬ್ ಆ್ಯಪ್ ಕೆಲಸದವರಿಗೆ ನಿಜಕ್ಕೂ ಅನುಕೂಲವಾ ಅಂತ ಅಳೆಯೋದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನೀವು ಕೊಟ್ಟ ಸಲಹೆಗಳನ್ನು ಮಾಡಿ ನೋಡಿದ್ದರ ಫಲಿತಾಂಶ ಇದು.

ಲಾಗಿನ್ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಬಳಕೆ ಕಡ್ಡಾಯ ಅಂದಮೇಲೆ ಎಲ್ಲರೂ ಲಾಗಿನ್ ಆಗೇ ಆಗ್ತಾರೆ. ಸ್ಟಾರ್ ರೇಟಿಂಗೂ ಅಷ್ಟೇ. ಸೂಪರ್‌ವೈಸರ್ ಎದುರಿಗಿದ್ದರೆ ಐದಕ್ಕೆ ಐದು.

ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್, ಅಂದ್ರೆ ಬಳಸೋಕೆ ಎಷ್ಟು ಸುಲಭ ಅಂತ ಅಳೆಯೋ) ಪ್ರಶ್ನಾವಳಿ ಸೂಚಿಸಿದವರಿಗೆ ಥ್ಯಾಂಕ್ಸ್. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ್ದು: 10 ಹೇಳಿಕೆ, ಪ್ರತಿಯೊಂದಕ್ಕೂ 1 (ಒಪ್ಪೋದೇ ಇಲ್ಲ) ರಿಂದ 5 (ಪೂರ್ತಿ ಒಪ್ತೀನಿ) ಅಂಕ. ಬೆಸ ಸಂಖ್ಯೆಯವುಗಳಲ್ಲಿ ಅಂಕದಿಂದ 1 ಕಳೆಯಿರಿ, ಸಮ ಸಂಖ್ಯೆಯವುಗಳಲ್ಲಿ 5ರಿಂದ ಅಂಕ ಕಳೆಯಿರಿ, ಒಟ್ಟನ್ನು 2.5ರಿಂದ ಗುಣಿಸಿ. ಗರಿಷ್ಠ 100 ಆದರೂ ಅದು ಪರ್ಸೆಂಟ್ ಅಲ್ಲ. ಸರಾಸರಿಯೇ 68ರ ಆಸುಪಾಸು. ನಮ್ಮದು 50 ದಾಟಲಿಲ್ಲ. ಸಮ ಸಂಖ್ಯೆಯವು ದೂರುವ ಧಾಟಿಯ ಹೇಳಿಕೆಗಳು, ಅವಸರದಲ್ಲಿ ಉಲ್ಟಾ ಟಿಕ್ ಬೀಳುತ್ತೆ. ನಿಧಾನಕ್ಕೆ ಓದಿ ಹೇಳೋದು ವಾಸಿ.

ಯಾಕೆ ಕಡಿಮೆ ಅನ್ನೋದನ್ನ ಮಾತ್ರ ಅಂಕ ಹೇಳಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ ಅಂದಿದ್ರಲ್ಲ, ಅದರಿಂದಲೇ ಗೊತ್ತಾಗಿದ್ದು. ಗ್ಲೌಸ್ ಹಾಕಿದ ಬೆರಳಿಗೆ ಸ್ಕ್ರೀನ್ ಜಪ್ಪಯ್ಯ ಅಂದ್ರೂ ಸ್ಪಂದಿಸಲ್ಲ. ಹಾಗಾಗಿ ಬ್ಯಾಚ್ ನಂಬರ್ ಮೊದಲು ನೋಟ್‌ಬುಕ್ಕಿಗೆ, ಶಿಫ್ಟ್ ಮುಗಿಯೋ ಹೊತ್ತಿಗೆ ಒಟ್ಟಿಗೆ ಟ್ಯಾಬಿಗೆ. ಅಲ್ಲಿಗೆ ರಿಪೋರ್ಟಿನ ಟೈಮ್ ಎಲ್ಲಾ ಸುಳ್ಳು! ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಆನ್ ಮಾಡಿದ ಮೇಲೆ ತೆಳು ಗ್ಲೌಸಿಗೆ ಸರಿಹೋಯ್ತು. ದಪ್ಪ ಗ್ಲೌಸಿನವರಿಗೆ ಬಾರ್‌ಕೋಡ್ ಗನ್ ಕೇಳಿದ್ದೇವೆ.