ಆಸ್ಟ್ರೇಲಿಯಾ ಪೌರತ್ವ ಸಮಾರಂಭಕ್ಕೆ ಹೋಗಿ ಬಂದವರು ಹೇಳಿ

ಪ್ರಶ್ನೆ: ನಮಗೆ ಆಸ್ಟ್ರೇಲಿಯಾ ಪೌರತ್ವ ಮಂಜೂರಾಗಿದೆ. ಮುಂದಿನ ತಿಂಗಳು ಕೌನ್ಸಿಲ್ ಹಾಲ್‌ನಲ್ಲಿ ಸಮಾರಂಭ. ನಾನು, ಗಂಡ, ಎಂಟು ವರ್ಷದ ಮಗಳು. ಏನು ಉಡಬೇಕು, ಏನು ಒಯ್ಯಬೇಕು? ಪ್ರಮಾಣವಚನ ಬಾಯಿಪಾಠ ಮಾಡಬೇಕಾ? ಅದಾದ ಮರುವಾರವೇ ತಂಗಿ ಮದುವೆಗೆ ಶಿವಮೊಗ್ಗಕ್ಕೆ ಹೊರಡುವವರಿದ್ದೇವೆ.

ಮೆಲ್ಬರ್ನ್‌ನಿಂದ: ಸೀರೆ, ಬಾಯಿಪಾಠ ಎಲ್ಲ ಆಮೇಲೆ. ಮೊದಲು ಮದುವೆ ವಿಷಯ ನೋಡಿ. ಟಿಕೆಟ್ ತೆಗೆದಿಲ್ಲ ತಾನೇ?

ಪ್ರಮಾಣ ಮಾಡಿದ ಗಳಿಗೆಯಿಂದ ನೀವು ಇಲ್ಲಿಯ ಪ್ರಜೆಗಳು. ಪಿಆರ್ ವೀಸಾ, ಅಂದರೆ ಇಲ್ಲಿ ಕಾಯಂ ಆಗಿ ಇರಲು ಕೊಟ್ಟ ವೀಸಾ, ಅಲ್ಲಿಗೇ ಮುಗಿಯಿತು. ಅತ್ತ ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಮ್ಮ ದೇಶದ ಪೌರತ್ವವೂ ತಾನಾಗೇ ಹೋಗುತ್ತದೆ. ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ, ಪತ್ರವೂ ಬರುವುದಿಲ್ಲ. ಇಂಡಿಯನ್ ಪಾಸ್‌ಪೋರ್ಟ್ ಬೀರುವಿನಲ್ಲಿ ಹಾಗೇ ಇರುತ್ತದೆ, ಅವಧಿಯೂ ಬಾಕಿ ಇರಬಹುದು. ಆದರೆ ಅದನ್ನು ಹಿಡಿದು ವಿಮಾನ ಹತ್ತಿದರೆ ಅಪರಾಧ.

ಅಂದರೆ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬರಬೇಕು. ಹೆಚ್ಚು ಹಣ ಕಟ್ಟಿದರೆ ಎರಡು ಕೆಲಸದ ದಿನಗಳಲ್ಲಿ ಮಾಡಿಕೊಡುವ ವ್ಯವಸ್ಥೆ ಇದೆ. ಆದರೆ ಅರ್ಜಿಗೆ ಗ್ಯಾರಂಟರ್ (ನಿಮ್ಮ ಗುರುತು ಖಚಿತಪಡಿಸುವವರು) ಸಹಿ, ಫೋಟೋ ಅಂತ ಓಡಾಟ ಇದ್ದೇ ಇದೆ. ಆಮೇಲೆ ಹಳೆ ಪಾಸ್‌ಪೋರ್ಟ್‌ಗಳನ್ನು ವಿಎಫ್‌ಎಸ್ (ಭಾರತದ ರಾಯಭಾರ ಕಚೇರಿ ಪರವಾಗಿ ಅರ್ಜಿ ತೆಗೆದುಕೊಳ್ಳುವ ಕಂಪನಿ) ಮೂಲಕ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು, ಮಗಳದ್ದೂ ಸೇರಿ. ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗಲು ಕೊಡುವ ಓಸಿಐ ಕಾರ್ಡ್ ಅದಾದ ಮೇಲಿನ ಮಾತು. ಅದು ವಾರದಲ್ಲಿ ಆಗುವ ಕೆಲಸ ಅಲ್ಲವೇ ಅಲ್ಲ. ಅರ್ಜೆಂಟ್ ಇದ್ದವರು ಹೊಸ ಪಾಸ್‌ಪೋರ್ಟ್‌ಗೆ ಇ-ವೀಸಾ ಮಾಡಿಸಿಕೊಂಡು ಹೋಗುತ್ತಾರೆ. ತಂಗಿ ಮದುವೆಯನ್ನು ಇಷ್ಟೆಲ್ಲದರ ಮೇಲೆ ಬಿಟ್ಟು ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ನನ್ನ ಮಾತು ಕೇಳುವುದಾದರೆ, ಮುಂದಿನ ಸಮಾರಂಭಕ್ಕೆ ಬರುತ್ತೇವೆ ಅಂತ ಈಗಲೇ ತಿಳಿಸಿ. ಮಂಜೂರಾದ 12 ತಿಂಗಳ ಒಳಗೆ ಪ್ರಮಾಣ ಮಾಡಿದರೆ ಆಯಿತು. ಪಿಆರ್ ವೀಸಾದ ಪ್ರಯಾಣದ ಅವಧಿ, ಅಂದರೆ ಹೊರಗೆ ಹೋಗಿ ಮತ್ತೆ ಒಳಬರಲು ಇರುವ ಅವಧಿ, ಮುಗಿದಿಲ್ಲ ಅಂತ ಮಾತ್ರ ನೋಡಿಕೊಳ್ಳಿ. ಮದುವೆ ಊಟ ಮುಗಿಸಿ, ಹಳೆ ಪಾಸ್‌ಪೋರ್ಟ್‌ನಲ್ಲೇ ನೆಮ್ಮದಿಯಾಗಿ ವಾಪಸ್ ಬನ್ನಿ.

ಸಿಡ್ನಿಯಿಂದ: ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಸಮಾರಂಭದ ದಿನದ ಬಗ್ಗೆ ನಾನು ಹೇಳುತ್ತೇನೆ.

ಕರೆಪತ್ರ, ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡಿ. ಬಾಗಿಲಲ್ಲೇ ಹೆಸರು ಗುರುತು ಹಾಕಿಕೊಳ್ಳುತ್ತಾರೆ. ಬಾಯಿಪಾಠ ಬೇಡ. ಮೇಯರ್ ಒಂದೊಂದೇ ತುಣುಕು ಹೇಳುತ್ತಾರೆ, ನಾವು ಹಿಂದೆ ಹೇಳುವುದು. ಪ್ರಮಾಣದಲ್ಲಿ ಎರಡು ಬಗೆ: ದೇವರ ಹೆಸರು ಇರುವುದು, ಇಲ್ಲದಿರುವುದು. ಯಾವುದು ಅಂತ ಮೊದಲೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಯಜಮಾನರು ಒಂದು, ನಾನು ಇನ್ನೊಂದು. ಹದಿನಾರು ತುಂಬದ ಮಕ್ಕಳು ಪ್ರಮಾಣ ಮಾಡಬೇಕಿಲ್ಲ, ಸುಮ್ನೆ ಜೊತೆಗೆ ನಿಂತರೆ ಸಾಕು. ಬಟ್ಟೆಗೆ ಆಯಾ ಕೌನ್ಸಿಲ್ ನಿಯಮ ಇರುತ್ತದೆ, ಪತ್ರದಲ್ಲೇ ನೋಡಿ. ನಾನು ಮೈಸೂರು ಸಿಲ್ಕ್ ಉಟ್ಟಿದ್ದೆ, ಪಕ್ಕದವರು ಘಾನಾದ ಬಣ್ಣದ ಬಟ್ಟೆಯಲ್ಲಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಭಾಷಣ ಜಾಸ್ತಿ. ಮಂತ್ರಿಗಳ ಸಂದೇಶ ಓದುತ್ತಾರೆ, ಆಮೇಲೆ ಎಂಪಿ, ಇನ್ನೊಬ್ಬರು, ಮತ್ತೊಬ್ಬರು. ಮಗಳಿಗೆ ಬಿಸ್ಕತ್ತು ಇಟ್ಟುಕೊಳ್ಳಿ. ನಮಗೆ ಕೊನೆಯಲ್ಲಿ ಒಂದು ಪುಟ್ಟ ಗಿಡ ಕೊಟ್ಟರು. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬಾಟಲ್‌ಬ್ರಷ್, ಮಣ್ಣು ಇನ್ನೂ ಒದ್ದೆ. ಫೋಟೋಗೆ ನಿಂತಾಗ ಸೆರಗಿಗೆಲ್ಲ ಕೆಸರು. ಚೀಲ ಒಯ್ಯಿರಿ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಹುಟ್ಟಿದ ದಿನ ಓದಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ, ಊರ ಹೆಸರು ಮತ್ತೊಂದು ಕಡೆ. ಪಾಸ್‌ಪೋರ್ಟ್, ಓಸಿಐ ಎಲ್ಲಕ್ಕೂ ಇದೇ ಆಧಾರ ಅಲ್ವಾ?

ಪರ್ತ್‌ನಿಂದ: ನಮ್ಮದು ಜನವರಿ 26ಕ್ಕೆ ಇತ್ತು. ಇಲ್ಲಿ ಆಸ್ಟ್ರೇಲಿಯಾ ಡೇ, ಅಲ್ಲಿ ಗಣರಾಜ್ಯೋತ್ಸವ. ಬೆಳಿಗ್ಗೆ ಅಪ್ಪನ ಫೋನ್, "ಇವತ್ತೇ ಬೇಕಿತ್ತಾ ನಿಂಗೆ?" ನಗುತ್ತಲೇ ಕೇಳಿದರು, ಆದರೂ ಚುಚ್ಚಿತು. ಬೇರೆ ದಿನಗಳೂ ಇರುತ್ತವೆ, ಸೆಪ್ಟೆಂಬರ್ 17ಕ್ಕೆ ಪೌರತ್ವ ದಿನ ಅಂತಲೇ ಮಾಡುತ್ತಾರೆ.

ಸಮಾರಂಭದಲ್ಲೇ ಮತದಾರರ ಪಟ್ಟಿಯ ಫಾರಂ ಕೊಡುತ್ತಾರೆ, ತುಂಬಿ ಕೊಟ್ಟುಬಿಡಿ. ಇಲ್ಲಿ ಮತ ಹಾಕುವುದು ಕಡ್ಡಾಯ, ತಪ್ಪಿಸಿದರೆ ದಂಡ. ಊರಿನ ಪಟ್ಟಿಯಿಂದ ಹೆಸರು ತೆಗೆಸುವುದನ್ನೂ ಮಾಡಿ.

ಬ್ರಿಸ್ಬೇನ್‌ನಿಂದ: ಊರಲ್ಲಿ ತೋಟ, ಗದ್ದೆ ಕೊಳ್ಳುವ ಆಸೆ ಇದ್ದರೆ ಪ್ರಮಾಣಕ್ಕೆ ಮುಂಚೆಯೇ ಮನೆಯವರ ಜೊತೆ ಮಾತಾಡಿ. ಓಸಿಐ ಆದ ಮೇಲೆ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. ಅಪ್ಪ ಅಮ್ಮನಿಂದ ವಾರಸಾಗಿ ಬಂದರೆ ತೊಂದರೆ ಇಲ್ಲ. ಸೈಟು, ಫ್ಲ್ಯಾಟು ಕೊಳ್ಳಬಹುದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ತೆಗೆದಿಲ್ಲ, ಸದ್ಯ! ದಿನ ಮುಂದೆ ಹಾಕಿ ಅಂತ ಇವತ್ತೇ ಕೌನ್ಸಿಲ್‌ಗೆ ಬರೆಯುತ್ತೇನೆ. ಅಡಿಕೆ ತೋಟದ ವಿಷಯ ಗಂಡನಿಗೆ ಇನ್ನೂ ಹೇಳಿಲ್ಲ.