ಕೈಯಲ್ಲೇ ಹೆಣೆಯುವ ಕ್ರಿಸ್‌ಮಸ್ ಕಾಲುಚೀಲ: ಕೇಳಿ, ಟೀಚರ್ ಹೇಳುತ್ತಾರೆ

ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರು. ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತರಾದವರು. ಈಗ ಮನೆಯಲ್ಲೇ ಆರ್ಡರ್ ಮೇಲೆ ಸ್ವೆಟರ್, ಟೋಪಿ, ಕಾಲುಚೀಲ ಹೆಣೆದು ಕೊಡುತ್ತಾರೆ.

ಬಂಗಾರಪೇಟೆಯಿಂದ ಪ್ರಶ್ನೆ: ನಮಸ್ಕಾರ ಟೀಚರ್. ಮಗಳು ಎರಡನೇ ಕ್ಲಾಸು. ಹೋದ ವರ್ಷ ಅಂಗಡಿಯಿಂದ ತಂದ ಕ್ರಿಸ್‌ಮಸ್ ಕಾಲುಚೀಲ ಒಂದೇ ರಾತ್ರಿಗೆ ಹೊಲಿಗೆ ಬಿಟ್ಟಿತು. ಈ ಸಲ ನಾನೇ ಹೆಣೆದು ಕೊಡೋಣ ಅಂತ ಆಸೆ. ಎರಡು ಕಡ್ಡಿಯಲ್ಲಿ ಮಫ್ಲರ್, ಮಗುವಿನ ಸ್ವೆಟರ್ ಹಾಕಿದ್ದೇನೆ. ಆದರೆ ಹಿಮ್ಮಡಿ ತಿರುಗಿಸುವುದು ಅಂದರೆ ಕೈ ನಡುಗುತ್ತದೆ. ಇನ್ನು ಮೂರು ವಾರ ಇದೆ. ಆಗುತ್ತಾ?

ಉತ್ತರ: ಖಂಡಿತ ಆಗುತ್ತದಮ್ಮ. ಸ್ವೆಟರ್‌ಗೆ ತೋಳು ಕೂಡಿಸಿದವರಿಗೆ ಇದು ದೊಡ್ಡ ಕೆಲಸ ಅಲ್ಲ. ದಿನಕ್ಕೆ ಒಂದು ಗಂಟೆ ಕೂತರೆ ಎರಡು ವಾರದಲ್ಲಿ ಮುಗಿಯುತ್ತದೆ. ಒಂದು ವಾರ ಹೆಸರು ಬರೆಯುವುದಕ್ಕೆ ಇಟ್ಟುಕೊಳ್ಳಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಕಾಲುಚೀಲ ಅನ್ನುತ್ತಾರಲ್ಲ, ಆ ಮಾತು ಈ ವಸ್ತುವಿಗೆ ತುಂಬಾ ಚೆನ್ನಾಗಿ ಒಪ್ಪುತ್ತದೆ. ಇದರೊಳಗೆ ಕಾಲು ಹೋಗುವುದಿಲ್ಲ, ಕ್ರಿಸ್‌ಮಸ್‌ಗೆ ಮಕ್ಕಳ ಉಡುಗೊರೆ ತುಂಬಿ ನೇತು ಹಾಕುವ ಚೀಲವೇ ಇದು. ಹಾಗಾಗಿ ಅಳತೆ ಒಂದೆರಡು ಕುಣಿಕೆ ಹೆಚ್ಚುಕಮ್ಮಿ ಆದರೂ ಯಾರಿಗೂ ಕಚ್ಚುವುದಿಲ್ಲ. ಹಿಮ್ಮಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬೇಕಾದ್ದು: ಕೆಂಪು ದಾರ 100 ಗ್ರಾಂ, ಬಿಳಿ 50 ಗ್ರಾಂ. ಬೇಬಿ ಸ್ವೆಟರ್ ದಾರಕ್ಕಿಂತ ಸ್ವಲ್ಪ ದಪ್ಪ ಇರಲಿ. ಎರಡೂ ತುದಿ ಚೂಪಾಗಿರುವ 4 ಮಿ.ಮೀ. ಕಡ್ಡಿಗಳ ಸೆಟ್, ಐದು ಕಡ್ಡಿಯದು. ಮೊದಲು 30 ಕುಣಿಕೆ ಹಾಕಿ ಅಂಗೈಯಷ್ಟು ತುಂಡು ಹೆಣೆದು ನೋಡಿ. ಮಧ್ಯದಲ್ಲಿ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬಂದರೆ ಸರಿ. ಜಾಸ್ತಿ ಬಂದರೆ ಕೈ ಬಿಗಿ ಇದೆ, ಒಂದು ಸೈಜು ದಪ್ಪ ಕಡ್ಡಿ ತಗೊಳ್ಳಿ.

ಬಿಳಿ ದಾರದಲ್ಲಿ 56 ಕುಣಿಕೆ ಹಾಕಿ, ನಾಲ್ಕು ಕಡ್ಡಿಗೆ 14ರಂತೆ ಹಂಚಿ. ಐದನೇ ಕಡ್ಡಿಯಿಂದ ಹೆಣೆಯುವುದು. ಸುತ್ತು ಕೂಡಿಸುವ ಮೊದಲು ಮೇಜಿನ ಮೇಲೆ ಇಟ್ಟು ನೋಡಿ, ಕುಣಿಕೆಗಳ ಬುಡ ಎಲ್ಲಾ ಒಳಗಡೆಗೇ ಇರಬೇಕು. ಒಂದು ಕಡೆ ತಿರುಚಿಕೊಂಡಿದ್ದರೂ ಆಮೇಲೆ ಬಿಚ್ಚುವುದೊಂದೇ ದಾರಿ. ಮೊದಲ ಎರಡು ಸುತ್ತು ಕಡ್ಡಿಗಳು ಕೈಯಲ್ಲಿ ಜಗಳ ಆಡುತ್ತವೆ. ಮೂರನೇ ಸುತ್ತಿಗೆ ತಾವೇ ಸುಮ್ಮನಾಗುತ್ತವೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವಾಗ ಎರಡನೇ ಕುಣಿಕೆಯನ್ನು ಸ್ವಲ್ಪ ಬಿಗಿ ಎಳೆಯಿರಿ. ಇಲ್ಲದಿದ್ದರೆ ಅಲ್ಲಿ ಏಣಿ ಥರ ಸಂದು ಬೀಳುತ್ತದೆ.

ಎರಡು ಸೀದಾ (ನಿಟ್), ಎರಡು ಉಲ್ಟಾ (ಪರ್ಲ್) ಹೀಗೆ 4 ಸೆಂ.ಮೀ. ಅಂಚು. ಆಮೇಲೆ ಬಿಳಿಯಲ್ಲೇ 8 ಸೆಂ.ಮೀ. ಬರೀ ಸೀದಾ, ಅದು ಹೆಸರಿನ ಜಾಗ. ನಂತರ ಕೆಂಪು ದಾರ. ಒಟ್ಟು ಉದ್ದ 30 ಸೆಂ.ಮೀ. ಆಗುವ ತನಕ ಸುಮ್ನೆ ಸುತ್ತುತ್ತಾ ಹೋಗಿ.

ಈಗ ಹಿಮ್ಮಡಿ. ಇದನ್ನು ನಿಧಾನವಾಗಿ ಓದಿ. ಕಡ್ಡಿ ಕೈಯಲ್ಲಿದ್ದಾಗ ಓದಿದರೆ ಇನ್ನೂ ಸುಲಭ.

56ರಲ್ಲಿ ಅರ್ಧ, ಅಂದರೆ 28 ಕುಣಿಕೆಯನ್ನು ಒಂದೇ ಕಡ್ಡಿಗೆ ತಗೊಳ್ಳಿ. ಉಳಿದ 28 ಕಾಯುತ್ತಿರಲಿ. ಈ 28ರ ಮೇಲೆ ನಿಮಗೆ ಗೊತ್ತಿರುವ ಹಾಗೆ ಹೋಗುತ್ತಾ ಬರುತ್ತಾ 28 ಸಾಲು. ಮುಂಬದಿಯ ಸಾಲಿನಲ್ಲಿ ಒಂದು ಕುಣಿಕೆ ಹೆಣೆಯದೆ ದಾಟಿಸಿ, ಒಂದು ಸೀದಾ, ಕೊನೆವರೆಗೂ ಹೀಗೇ. ಹಿಂಬದಿಯ ಸಾಲಿನಲ್ಲಿ ಮೊದಲನೆಯದು ದಾಟಿಸಿ, ಉಳಿದದ್ದೆಲ್ಲಾ ಉಲ್ಟಾ. ಹೀಗೆ ಮಾಡಿದರೆ ಹಿಮ್ಮಡಿ ದಪ್ಪಗೆ, ಗಟ್ಟಿಯಾಗಿ ಬರುತ್ತದೆ.

ಇನ್ನು ತಿರುವು. ಮೊದಲ ಸಾಲು: ಒಂದು ದಾಟಿಸಿ, 15 ಸೀದಾ, ಎರಡು ಸೇರಿಸಿ ಒಂದು, ಮತ್ತೆ ಒಂದು ಸೀದಾ. ಕಡ್ಡಿಯಲ್ಲಿ ಇನ್ನೂ 9 ಕುಣಿಕೆ ಉಳಿದಿರುತ್ತದೆ. ಪರವಾಗಿಲ್ಲ, ಅಲ್ಲೇ ಬಿಟ್ಟು ತಿರುಗಿಸಿ. ಎರಡನೇ ಸಾಲು: ಒಂದು ದಾಟಿಸಿ, 5 ಉಲ್ಟಾ, ಎರಡು ಸೇರಿಸಿ ಒಂದು ಉಲ್ಟಾ, ಮತ್ತೆ ಒಂದು ಉಲ್ಟಾ. ಈ ಕಡೆಯೂ 9 ಉಳಿಯುತ್ತದೆ. ತಿರುಗಿಸಿ. ಇಲ್ಲಿಂದ ಲೆಕ್ಕ ಬೇಡ, ಕಣ್ಣು ಸಾಕು. ನೀವು ತಿರುಗಿಸಿದ ಜಾಗದಲ್ಲಿ ಒಂದು ಸಂದು ಕಾಣುತ್ತದೆ. ಸಂದಿನ ಈಚೆಯದೊಂದು, ಆಚೆಯದೊಂದು ಸೇರಿಸಿ ಹೆಣೆಯಿರಿ, ಮುಂದಿನದೊಂದು ಹೆಣೆಯಿರಿ, ತಿರುಗಿಸಿ. ಕೊನೆಯ ಎರಡು ಸಾಲಿನಲ್ಲಿ ಆ ಮುಂದಿನ ಒಂದು ಇರುವುದಿಲ್ಲ, ಸೇರಿಸಿದಲ್ಲಿಗೇ ಮುಗಿಯಿತು. ಕಡ್ಡಿಯಲ್ಲಿ 16 ಕುಣಿಕೆ ಉಳಿದಿದ್ದರೆ ನೀವು ಗೆದ್ದಿರಿ. ಬಟ್ಟಲಿನ ಹಾಗೆ ಗುಂಡಗೆ ಬಂದಿರುತ್ತದೆ. ಎಷ್ಟೋ ವರ್ಷದಿಂದ ಹೆಣೆಯುತ್ತಿದ್ದೇನೆ, ಆ ಬಟ್ಟಲು ಮೂಡುವಾಗ ಈಗಲೂ ನನಗೆ ಸಂತೋಷ ಆಗುತ್ತದೆ.

ಆಮೇಲೆ ಆ 28 ಸಾಲಿನ ದಪ್ಪ ಪಟ್ಟಿಯ ಎರಡು ಅಂಚಿನಿಂದ 14, 14 ಕುಣಿಕೆ ಎತ್ತಿಕೊಳ್ಳಿ. ಕಾಯುತ್ತಿದ್ದ 28 ಸೇರಿ ಒಟ್ಟು 72. ಮತ್ತೆ ಸುತ್ತು. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡು ಪಕ್ಕದಲ್ಲೂ ಒಂದೊಂದು ಕಮ್ಮಿ ಮಾಡಿ, 56ಕ್ಕೆ ಬರುವ ತನಕ. ಹಿಮ್ಮಡಿಯ ಹಿಂಬದಿಯಿಂದ ಅಳೆದು 16 ಸೆಂ.ಮೀ. ಆದ ಮೇಲೆ ಬೆರಳಿನ ಭಾಗ. ಮೇಲಿನ 28, ಕೆಳಗಿನ 28, ಎರಡರ ಎರಡೂ ಕೊನೆಯಲ್ಲಿ ಒಂದೊಂದು ಕಮ್ಮಿ, ಅಂದರೆ ಸುತ್ತಿಗೆ ನಾಲ್ಕು. ಒಟ್ಟು 28 ಉಳಿಯುವ ತನಕ ಸುತ್ತು ಬಿಟ್ಟು ಸುತ್ತು, ಆಮೇಲೆ ಪ್ರತಿ ಸುತ್ತು. 8 ಉಳಿದಾಗ ದಾರ ಕತ್ತರಿಸಿ, ದಬ್ಬಣದಲ್ಲಿ ಎಂಟರ ಒಳಗೂ ಎಳೆದು ಬಿಗಿದು ಒಳಗೆ ಸೇರಿಸಿ.

ಚಿಂತಾಮಣಿಯಿಂದ ಪ್ರಶ್ನೆ: ಟೀಚರ್, ಒಂದು ವಿಡಿಯೋದಲ್ಲಿ 8ನೇ ನಂಬರ್ ಕಡ್ಡಿ ಅಂದರು. ನಾನೂ 8ನೇ ನಂಬರೇ ತಂದೆ. ಅವರದು ದೊಡ್ಡದಾಗಿ ಬಂತು, ನನ್ನದು ಬಿಗಿಯಾಗಿ ಚಿಕ್ಕದಾಯಿತು. ದಾರದ ತಪ್ಪಾ?

ಉತ್ತರ: ದಾರದ್ದೂ ಅಲ್ಲ, ನಿಮ್ಮದೂ ಅಲ್ಲ. ನಮ್ಮಲ್ಲಿ ಹಳೇ ಬ್ರಿಟಿಷ್ ನಂಬರಿನ ಕಡ್ಡಿ ಬಳಕೆಯಲ್ಲಿದೆ. ಅದರಲ್ಲಿ 8 ಅಂದರೆ 4 ಮಿ.ಮೀ. ಅಮೆರಿಕದ ನಂಬರಿನಲ್ಲಿ 8 ಅಂದರೆ 5 ಮಿ.ಮೀ. ನಮ್ಮ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಅವರದು ಹೆಚ್ಚಿದಷ್ಟೂ ದಪ್ಪ. ನಂಬರ್ ಕೇಳಲೇಬೇಡಿ, ಮಿಲಿಮೀಟರ್ ಕೇಳಿ.

ತುಮಕೂರಿನಿಂದ ಪ್ರಶ್ನೆ: ಅಕ್ಕಾ, ಕೆಂಪು ಬಣ್ಣ ಬಿಳಿಗೆ ಹತ್ತಿಕೊಂಡರೆ? ಅಂಗಡಿಯಲ್ಲಿ ಉಲ್ಲನ್ ಅಂತಲೇ ಕೊಟ್ಟರು. ಮುಗಿದ ಮೇಲೆ ಇಸ್ತ್ರಿ ಮಾಡಬಹುದಾ?

ಉತ್ತರ: ಅಂಗಡಿಯಲ್ಲಿ ಉಲ್ಲನ್ ಅನ್ನುವುದೆಲ್ಲಾ ಉಣ್ಣೆ ಅಲ್ಲ, ಬಹುಪಾಲು ಅಕ್ರಿಲಿಕ್ ಅನ್ನುವ ಕೃತಕ ದಾರ. ಒಂದು ಚೂರು ದಾರ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಉಂಡೆ ಆಗುತ್ತದೆ. ಕಾಲುಚೀಲಕ್ಕೆ ಅಕ್ರಿಲಿಕ್ ಏನೂ ಕೆಟ್ಟದ್ದಲ್ಲ. ನುಸಿ ತಿನ್ನುವುದಿಲ್ಲ, ವರ್ಷವಿಡೀ ಪೆಟ್ಟಿಗೆಯಲ್ಲಿ ಇಡಬಹುದು.

ಆದರೆ ಅಕ್ರಿಲಿಕ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ. ಬಿಸಿಗೆ ಹೆಣಿಗೆ ಜೀವ ಬಿಟ್ಟು ಜೋಲಾಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಒದ್ದೆ ಮಾಡಿ, ಟವೆಲ್ ಮೇಲೆ ಆಕಾರಕ್ಕೆ ಹರಡಿ, ನೆರಳಲ್ಲಿ ಒಣಗಿಸಿ. ಬಣ್ಣದ ವಿಷಯಕ್ಕೆ, ಹೆಣೆಯುವ ಮೊದಲೇ ಒಂದು ಗೇಣು ಕೆಂಪು ದಾರ ಬೆಚ್ಚಗಿನ ನೀರಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಕಲೆ ಬಿದ್ದರೆ ಆ ದಾರವನ್ನು ಬಿಳಿಯ ಜೊತೆ ಸೇರಿಸಬೇಡಿ.

ಹೊಸ ದಾರವೇ ಬೇಕು ಅಂತಲೂ ಇಲ್ಲ. ಚಿಕ್ಕದಾದ ಹಳೇ ಸ್ವೆಟರ್ ಬಿಚ್ಚಿ. ದಾರವನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲ ಗಂಟು ಹಾಕಿ, ತೊಳೆದು ನೇತು ಹಾಕಿ. ಸುರುಳಿ ಬಿಡುತ್ತದೆ. ನನ್ನ ಅಮ್ಮ ಹಾಗೇ ಮಾಡುತ್ತಿದ್ದರು. ಅಪ್ಪ ಗಣಿಗೆ ಹಾಕಿಕೊಂಡು ಹೋಗಿ ತೋಳು ಸವೆದ ಕೆಂಪು ಸ್ವೆಟರ್ ಬಿಚ್ಚಿ ನಮಗೆ ಎರಡು ಕಾಲುಚೀಲ ಮಾಡಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪನ ಗಣಿ ಸಾಮಾನು ಯಾವುದೂ ಈಗ ಉಳಿದಿಲ್ಲ. ಆ ಕಾಲುಚೀಲ ಒಂದು ಇನ್ನೂ ನನ್ನ ಹತ್ತಿರ ಇದೆ.

ಬಂಗಾರಪೇಟೆಯಿಂದ ಮತ್ತೆ: ಟೀಚರ್, ಕಾಲಿನ ಭಾಗ ಮುಗಿಯಿತು! ಮಗಳ ಹೆಸರು ಕನ್ನಡದಲ್ಲೇ ಬರೆಯಬೇಕು. ಇಂಗ್ಲಿಷ್ ಅಕ್ಷರದ ನಮೂನೆಗಳೇ ಸಿಗುತ್ತವೆ.

ಉತ್ತರ: ಕನ್ನಡದಲ್ಲೇ ಬರೆಯಿರಿ, ಅದೇ ಚಂದ. ಆದರೆ ಕುಣಿಕೆ ಎಣಿಸಿ ಬರೆಯಲು ಹೋಗಬೇಡಿ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಹೆಚ್ಚಾಗಿ ನೇರ ಗೆರೆ, ಚೌಕದಲ್ಲಿ ಕೂರುತ್ತವೆ. ನಮ್ಮವು ಗುಂಡಗೆ. ಒಂದು ಅಕ್ಷರ ಗುಂಡಗೆ ಕಾಣಬೇಕಾದರೆ ಹತ್ತು ಕುಣಿಕೆಯಾದರೂ ಅಗಲ ಬೇಕು. ನಿಮ್ಮ ಮುಂಭಾಗ ಇರುವುದೇ 28. ಎರಡು ಅಕ್ಷರಕ್ಕೆ ಜಾಗ ಮುಗಿಯಿತು. ಅದರಲ್ಲೂ ಒತ್ತಕ್ಷರ ಬಂದರೆ ಕೆಳಗೆ ಕೂರುವುದೇ ಇಲ್ಲ. ಇನ್ನೊಂದು ತೊಡಕು, ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲ ಜಾಸ್ತಿ. ಲೆಕ್ಕದ ಪುಸ್ತಕದ ಚೌಕದಲ್ಲಿ ಬರೆದುಕೊಂಡ ಅಕ್ಷರ ಹೆಣಿಗೆಯಲ್ಲಿ ಕುಳ್ಳಗಾಗುತ್ತದೆ.

ಸರಪಳಿ ಹೊಲಿಗೆ ಹಾಕಿ. ತೆಳು ಕಾಗದದ ಮೇಲೆ ಹೆಸರನ್ನು ಬೇಕಾದ ಅಳತೆಗೆ ಬರೆಯಿರಿ. ಮಗಳ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಕಾಗದವನ್ನು ಬಿಳಿ ಭಾಗದ ಮೇಲಿಟ್ಟು ದೊಡ್ಡ ದೊಡ್ಡ ಹೊಲಿಗೆಯಿಂದ ಸಿಕ್ಕಿಸಿ, ಗೆರೆಯ ಮೇಲೆ ಕೆಂಪು ದಾರದಲ್ಲಿ ಸರಪಳಿ ಹಾಕುತ್ತಾ ಹೋಗಿ. ಒಳಗೆ ಒಂದು ರಟ್ಟು ಇಟ್ಟುಕೊಂಡರೆ ಸೂಜಿ ಹಿಂಬದಿಗೆ ಸಿಕ್ಕಿಕೊಳ್ಳುವುದಿಲ್ಲ. ಮುಗಿದ ಮೇಲೆ ಕಾಗದ ಹರಿದು ತೆಗೆಯಿರಿ. ದಾರ ಎಳೆದು ಬಿಗಿಯಬೇಡಿ, ಹೆಣಿಗೆ ಸುಕ್ಕು ಬೀಳುತ್ತದೆ.

ಅಂಚನ್ನು ಮಡಚಬೇಕು ಅನ್ನುವವರು ಒಂದು ನೆನಪಿಡಿ. ಮಡಚಿದರೆ ಒಳಬದಿ ಹೊರಗೆ ಬರುತ್ತದೆ, ಅಕ್ಷರ ತಲೆಕೆಳಗಾಗುತ್ತದೆ. ಮಡಚಿದ ಮೇಲೆಯೇ ಹೆಸರು ಹಾಕಿ.

ಮುಳಬಾಗಿಲಿನಿಂದ ಪ್ರಶ್ನೆ: ನಮ್ಮದು ಹಿಂದೂ ಮನೆ. ಮಗನ ಗೆಳೆಯನಿಗೆ ಕೊಡೋಣ ಅಂತ ಮಾಡುತ್ತಿದ್ದೇನೆ. ಕಾಲುಚೀಲವೇ ಯಾಕೆ? ಒಳಗೆ ಏನು ಹಾಕಬೇಕು? ತೂಕಕ್ಕೆ ಜಗ್ಗುವುದಿಲ್ವಾ?

ಉತ್ತರ: ಒಳ್ಳೆಯ ಮನಸ್ಸು ನಿಮ್ಮದು. ಈಗಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಲ್ಲಿ 4ನೇ ಶತಮಾನದಲ್ಲಿ ನಿಕೊಲಸ್ ಎಂಬ ಬಿಷಪ್ ಇದ್ದರು. ಮೂರು ಹೆಣ್ಣುಮಕ್ಕಳ ಬಡ ತಂದೆಗೆ ಮದುವೆ ಖರ್ಚಿಲ್ಲ ಅಂತ ಗೊತ್ತಾಗಿ, ರಾತ್ರಿ ಯಾರಿಗೂ ತಿಳಿಯದಂತೆ ಚಿನ್ನ ಹಾಕಿ ಹೋದರು, ಅದು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತು ಅಂತ ಕಥೆ. ಡಿಸೆಂಬರ್ 6 ಅವರ ಹಬ್ಬ. ಬೆರಳಿನ ತುದಿಯಲ್ಲಿ ಒಂದು ಕಿತ್ತಳೆ ಹಣ್ಣು ಇಡುವುದು ಆ ಚಿನ್ನದ ಗುಂಡಿನ ನೆನಪಿಗೆ ಅನ್ನುತ್ತಾರೆ. ಚಿನ್ನ ತೆಗೆದ ಊರಿನವರಾದ ನಮಗೆ ಈ ಕಥೆ ಬೇಗ ಹತ್ತಿರವಾಗುತ್ತದೆ.

ಕಿತ್ತಳೆ, ಒಂದು ಪೊಟ್ಟಣ ಕಲ್ಕಲ್ (ಕ್ರಿಸ್‌ಮಸ್‌ಗೆ ಕರಿಯುವ ಸಿಹಿ ತಿಂಡಿ), ಪೆನ್ಸಿಲ್ ಸಾಕು. ಜಗ್ಗುವುದು ನಿಜ. ಹಳೇ ಕಾಟನ್ ಬಟ್ಟೆಯಲ್ಲಿ ಇದೇ ಆಕಾರಕ್ಕೆ, ಅರ್ಧ ಇಂಚು ಚಿಕ್ಕದಾಗಿ ಒಳಚೀಲ ಹೊಲಿದು ಬಾಯಿಗೆ ಕೂಡಿಸಿ. ತೂಕ ಬಟ್ಟೆ ಹೊರುತ್ತದೆ. ನೇತು ಹಾಕುವ ಕುಣಿಕೆಯನ್ನೂ ಆ ಬಟ್ಟೆಗೇ ಸೇರಿಸಿ ಹೊಲಿಯಿರಿ. ಹೊರದೇಶದಲ್ಲಿ ಬೆಂಕಿಗೂಡಿನ ಹತ್ತಿರ ನೇತು ಹಾಕುತ್ತಾರೆ, ನಮ್ಮ ಮನೆಗಳಲ್ಲಿ ಅದು ಎಲ್ಲಿಂದ ಬರಬೇಕು? ಕಿಟಕಿಯ ಸರಳು ಇದೆಯಲ್ಲ, ಕ್ರಿಸ್‌ಮಸ್ ನಕ್ಷತ್ರದ ಪಕ್ಕದಲ್ಲೇ.

ಬಂಗಾರಪೇಟೆಯಿಂದ ಮತ್ತೆ: ಹಿಮ್ಮಡಿ ಆಯಿತು ಟೀಚರ್! 16 ಸರಿಯಾಗಿ ಬಂತು. ಆದರೆ ಕುಣಿಕೆ ಎತ್ತಿದ ಎರಡು ಮೂಲೆಯಲ್ಲೂ ತೂತು. ಬಿಚ್ಚಲಾ?

ಉತ್ತರ: ಬಿಚ್ಚಬೇಡಿ. ಎಲ್ಲರಿಗೂ ಅಲ್ಲೇ ತೂತು ಬೀಳುತ್ತದೆ. ಮುಂದಿನ ಸಲ ಮೂಲೆಯಲ್ಲಿ ಒಂದೊಂದು ಕುಣಿಕೆ ಹೆಚ್ಚಿಗೆ ಎತ್ತಿ, ಮರುಸುತ್ತಿನಲ್ಲಿ ಪಕ್ಕದ್ದರ ಜೊತೆ ಸೇರಿಸಿ ಹೆಣೆಯಿರಿ. ಈಗ ಪೂರ್ತಿ ಮುಗಿಸಿ, ಒಳಬದಿ ಹೊರಗೆ ತಿರುಗಿಸಿ. ಉಳಿದ ಕೆಂಪು ದಾರ ದಬ್ಬಣಕ್ಕೆ ಪೋಣಿಸಿ, ತೂತಿನ ಸುತ್ತ ಇರುವ ಕುಣಿಕೆಗಳ ಒಳಗೆ ಒಂದು ಸುತ್ತು ಹಾಯಿಸಿ ಮೆಲ್ಲಗೆ ಎಳೆದು ಗಂಟು ಹಾಕಿ. ಹೊರಗಿನಿಂದ ಕಾಣುವುದಿಲ್ಲ. ಫೋಟೋ ಹಾಕಿ, ಕಾಯುತ್ತಿರುತ್ತೇನೆ.