ಚೈತ್ರಾಗೆ ಕೃತಜ್ಞತೆಯಾಗಿ ಶಾಲೆಗೊಂದು ಖೋ-ಖೋ ಅಂಕಣ: ಅಳತೆ, ಕಂಬ, ಮಣ್ಣು ತಿಳಿದವರು ಹೇಳಿ

ಮಳವಳ್ಳಿ ಸೀಮೆ:

ಎಲ್ಲರಿಗೂ ನಮಸ್ಕಾರ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನ ಫೈನಲ್‌ನಲ್ಲಿ ನಮ್ಮ ಹೆಣ್ಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ನಮ್ಮ ಕಡೆಯಿಂದ ಹೊಳೆ ದಾಟಿದರೆ ಅವರ ತಾಲ್ಲೂಕು.

ನಮ್ಮದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರೋದು ಹೆಣ್ಣೋ ಗಂಡೋ ನೋಡುತ್ತಿದ್ದ ಜಾಲ 2023ರ ನವೆಂಬರಿನಲ್ಲಿ ಬಯಲಾದ ಜಿಲ್ಲೆ. ಅಂಥ ಸೀಮೆಯ ಮಗ್ಗುಲಲ್ಲೇ ಹುಟ್ಟಿದ ಹೆಣ್ಮಗಳು ವಿಶ್ವಕಪ್ ಗೆದ್ದು ಬಂದಿದ್ದಾಳೆ. ಆ ಋಣ ನಮ್ಮ ಮೇಲಿದೆ. ಯುವಕರ ಸಂಘದಲ್ಲಿ ಫ್ಲೆಕ್ಸು, ಹಾರ, ಶಾಲು ಅಂತ ಮಾತಾಗಿದೆ. ಆ ದುಡ್ಡನ್ನು ಹೈಸ್ಕೂಲಿನಲ್ಲಿ ಒಂದು ಸರಿಯಾದ ಅಂಕಣಕ್ಕೆ ಹಾಕಿದರೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ ಅನ್ನಿಸುತ್ತಿದೆ.

ಕಾಂಪೌಂಡ್ ಪಕ್ಕ ಜಾಗ ಇದೆ, ಎರೆಮಣ್ಣು. ಎಷ್ಟು ಜಾಗ ಬೇಕು? ಕಂಬ ಕಬ್ಬಿಣದ್ದೋ ಮರದ್ದೋ? ಮಣ್ಣು ಎಷ್ಟು ಲೋಡು? ಇನ್ನೊಂದು, ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಆಡುವ ಹುಡುಗಿಯರು ಒಂಬತ್ತಕ್ಕೆ ಬರುವಷ್ಟರಲ್ಲಿ ಆಟ ಬಿಟ್ಟಿರುತ್ತಾರೆ. ಅವರನ್ನು ಉಳಿಸಿಕೊಳ್ಳೋದು ಹೇಗೆ?

ಅಂಕಣ ಮೇಷ್ಟ್ರು:

ಒಳ್ಳೇ ಯೋಚನೆ ಸಾರ್, ಕೈಬಿಡಬೇಡಿ. ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತ ಒಂದೂವರೆ ಮೀಟರ್ ಖಾಲಿ ಜಾಗ ಬೇಕು, ಅಂದರೆ 30ಕ್ಕೆ 19. ಆರು ಗುಂಟೆ ಇದ್ದರೆ ಧಾರಾಳ. ಕಾಂಪೌಂಡ್ ಪಕ್ಕ ಅಂದಿರಿ, ಆ ಒಂದೂವರೆ ಮೀಟರಿನಲ್ಲಿ ಒಂದಂಗುಲವೂ ಕಡಿಮೆ ಮಾಡಬೇಡಿ. ಓಡಿಬಂದ ಹುಡುಗಿಗೆ ನಿಲ್ಲೋಕೆ ಇರುವ ಜಾಗ ಅದೇ.

ಮೂಲೆ ಸರಿಯಿದೆಯೋ ನೋಡೋಕೆ ಕರ್ಣ ಎರಡನ್ನೂ ಟೇಪಿನಲ್ಲಿ ಅಳೆಯಿರಿ, ಎರಡೂ 31.38 ಮೀಟರ್ ಬರಬೇಕು. ಕಂಬದಿಂದ ಕಂಬಕ್ಕೆ 24 ಮೀಟರ್, ನಡುಪಟ್ಟಿಯ ಅಗಲ 30 ಸೆಂ.ಮೀ. ಅಡ್ಡಪಟ್ಟಿ ಎಂಟು, ಒಂದೊಂದೂ 35 ಸೆಂ.ಮೀ. ಕಂಬದ ಗೆರೆಯಿಂದ ಮೊದಲ ಅಡ್ಡಪಟ್ಟಿಗೆ 2.55 ಮೀಟರ್, ಆಮೇಲೆ ಪಟ್ಟಿಯಿಂದ ಪಟ್ಟಿಗೆ 2.30. ಹಳೇ ಪುಸ್ತಕ ಇಟ್ಟುಕೊಂಡವರು 29 ಮೀಟರ್ ಉದ್ದ, 30 ಸೆಂ.ಮೀ. ಅಡ್ಡಪಟ್ಟಿ ಅಂತ ಹೇಳ್ತಾರೆ. ಎರಡು ಲೆಕ್ಕ ಬೆರೆಸಿದರೆ ಕೊನೆಯ ಚೌಕ (ನಡುಪಟ್ಟಿ, ಅಡ್ಡಪಟ್ಟಿ ಕೂಡುವ, ಆಟಗಾರ್ತಿ ಕೂರುವ ಜಾಗ) ಕಂಬದ ಹತ್ತಿರ ಬಂದು ಕೂತಿರುತ್ತೆ.

ಎರೆಮಣ್ಣಿನ ಮೇಲೆ ನೇರ ಆಡಿಸಬೇಡಿ. ಬೇಸಗೆಯಲ್ಲಿ ಬಿರುಕು ಬಿಟ್ಟು ಪಾದ ಸಿಕ್ಕಿಕೊಳ್ಳುತ್ತೆ, ಮಳೆಗಾಲದಲ್ಲಿ ಅಂಟುತ್ತೆ. ಮೇಲಿನ 10 ಸೆಂ.ಮೀ. ತೆಗೆದು ಜರಡಿ ಹಿಡಿದ ಕೆಮ್ಮಣ್ಣು ತುಂಬಿ. ಪೂರಾ ಜಾಗಕ್ಕೆ 57 ಘನ ಮೀಟರ್, ನೂರು ಘನಅಡಿಯ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸುಮಾರು 20 ಲೋಡು. ರೋಲರ್ ಹೊಡೆದಾಗ ಕುಸಿಯುತ್ತೆ, ಅದಕ್ಕೆ 25 ಹೇಳಿಡಿ. ಎಂ-ಸ್ಯಾಂಡ್ ಮಾತ್ರ ಬೆರೆಸಬೇಡಿ, ಚೂಪು ಕಾಳು ಮೊಣಕೈ ಮೊಣಕಾಲು ಕೆತ್ತಿಹಾಕುತ್ತೆ. ನಡುಪಟ್ಟಿ ಅಂಚಿಗಿಂತ 5ರಿಂದ 8 ಸೆಂ.ಮೀ. ಎತ್ತರ ಇರಲಿ, ನೀರು ಎರಡೂ ಕಡೆ ಹರಿದುಹೋಗುತ್ತೆ. ಗೆರೆಗೆ ಚಾಕ್ ಪುಡಿ ಬಳಸಿ. ಸುಟ್ಟ ಸುಣ್ಣ ಹಾಕಿದರೆ ಡೈವ್ ಹೊಡೆದವರ ಕಣ್ಣಿಗೆ ಹೋಗುತ್ತೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಸಿ ಗ್ರಾಮ ಪಂಚಾಯಿತಿಗೆ ಕೊಡಿ. ಶಾಲಾ ಮೈದಾನದ ಕೆಲಸ ಪಂಚಾಯಿತಿ ಮೂಲಕ ಎಷ್ಟೋ ಕಡೆ ಆಗಿದೆ. ಮಣ್ಣಿನ ಕೆಲಸ ಅಲ್ಲಿಂದಾದರೆ ನಿಮ್ಮ ದುಡ್ಡು ಕಂಬಕ್ಕೂ ಮೊಣಕಾಲು ಪಟ್ಟಿಗೂ ಉಳಿಯುತ್ತೆ.

ಬಡಗಿ ಬೀದಿ:

ಕಂಬದ ಬಗ್ಗೆ ನಾನು ಹೇಳ್ತೀನಿ. ನೆಲದಿಂದ ಮೇಲೆ 120ರಿಂದ 125 ಸೆಂ.ಮೀ., ದಪ್ಪ 9ರಿಂದ 10 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಮೂರಿಂಚಿನ ಜಿಐ ಪೈಪಿನ ಹೊರ ಅಳತೆ 8.9, ಅಂದರೆ ಕೂದಲೆಳೆಯಷ್ಟು ಕಡಿಮೆ. ಅದಿರಲಿ, ಕಂಬ ಹಿಡಿದು ಮುಂದಕ್ಕೆ ಜಿಗಿಯುವ ಪೋಲ್ ಡೈವ್‌ನಲ್ಲಿ ಎದೆ, ತೋಳು ಬಂದು ಬಡಿಯೋದು ಕಂಬಕ್ಕೇ. ಅದಕ್ಕೆ ನನ್ನ ಓಟು ಮರಕ್ಕೆ. 185 ಸೆಂ.ಮೀ. ಉದ್ದದ ಒಣಗಿದ ತೇಗ ಕಡೆಸಿ. ಹಸಿ ನೀಲಗಿರಿ ಅಗ್ಗ ಅಂತ ಹಾಕಿದರೆ ಒಣಗುತ್ತಾ ಸೀಳುತ್ತೆ, ಸಿಬಿರು ಅಂಗೈಗೆ ಹೋಗುತ್ತೆ. ತಲೆಯ ಅಂಚು ಉರುಟು ಮಾಡಿಸಿ, ಮರಳು ಕಾಗದ ಉಜ್ಜಿಸಿ, ಪೇಂಟ್ ಬೇಡ. ಬೆವರು ಕೈ ಪೇಂಟಿನ ಮೇಲೆ ಜಾರುತ್ತೆ.

ಹೂಳುವ 60 ಸೆಂ.ಮೀ. ಭಾಗಕ್ಕೆ ಡಾಂಬರು ಬಳಿಯಿರಿ, ಇಲ್ಲದಿದ್ದರೆ ಗೆದ್ದಲು ಬರುತ್ತೆ. ಗುಂಡಿ 45ಕ್ಕೆ 45, ಆಳ 70. ತಳಕ್ಕೆ 10 ಸೆಂ.ಮೀ. ಜಲ್ಲಿ, ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಎರಡು ಗುಂಡಿಗೂ ಸೇರಿ ಒಂದೂವರೆ ಚೀಲ ಸಿಮೆಂಟ್ ಸಾಕು. ಕಾಂಕ್ರೀಟನ್ನು ನೆಲದ ಮಟ್ಟಕ್ಕೆ ತರಬೇಡಿ, 15 ಸೆಂ.ಮೀ. ಕೆಳಗೇ ನಿಲ್ಲಿಸಿ ಮೇಲೆ ಮಣ್ಣು ಮುಚ್ಚಿ. ಕಂಬದ ಬುಡದಲ್ಲೇ ಮಕ್ಕಳು ಮಂಡಿಯೂರಿ ಬೀಳೋದು. ಏಳು ದಿನ ನೀರು ಹಾಕಿ, ಆಮೇಲೆ ಆಡಿಸಿ.

ಹೈಸ್ಕೂಲ್ ಟೀಚರ್, ಮಂಡ್ಯ:

ನಿಮ್ಮ ಕೊನೇ ಪ್ರಶ್ನೆಗೆ ಬರ್ತೀನಿ ಅಣ್ಣ, ಅಂಕಣಕ್ಕಿಂತ ಅದು ಕಷ್ಟದ್ದು. ಹುಡುಗಿಯರು ಬಿಡೋದು ಆಟ ಬೇಡವಾಗಿ ಅಲ್ಲ. ಕಾರಣ ಮೂರು ನಾಲ್ಕಿರುತ್ತೆ: ಕೊನೇ ಬಸ್ಸು, ಬಟ್ಟೆ ಬದಲಿಸೋಕೆ ಜಾಗ ಇಲ್ಲದಿರೋದು, ಮುಟ್ಟಿನ ದಿನಗಳು, ಸುಸ್ತು. ಮೊದಲು ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಬಕೆಟ್ಟು, ನೀರು, ಪ್ಯಾಡ್ ಹಾಕೋಕೆ ಮುಚ್ಚಳದ ಡಬ್ಬಿ. ಇದು ಅಂಕಣಕ್ಕಿಂತ ಮುಂಚೆ ಆಗಬೇಕು. ಟ್ರ್ಯಾಕ್ ಪ್ಯಾಂಟ್, ತುಂಬುತೋಳಿನ ಟೀ ಶರ್ಟ್ ಕೊಟ್ಟರೆ ಮನೆಯವರ ತಕರಾರು ಅರ್ಧ ಕಡಿಮೆ. ಅಭ್ಯಾಸ ಬೆಳಗ್ಗೆ ಇಡಿ, ಸಂಜೆ ಬಸ್ಸಿನ ಚಿಂತೆಯೇ ಇರಲ್ಲ. ತಾಲ್ಲೂಕು ಪಂದ್ಯಕ್ಕೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ, ಗುರುತಿನ ಚೀಟಿ ಜೊತೆಗಿರಲಿ.

ಸುಸ್ತಿನ ಹಿಂದೆ ಬಹಳ ಸಲ ರಕ್ತಹೀನತೆ ಇರುತ್ತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆ ತೊಳಸುತ್ತೆ, ಮಕ್ಕಳು ಕಿಟಕಿಯಾಚೆ ಎಸೆಯುತ್ತಾರೆ. ಮಧ್ಯಾಹ್ನದ ಊಟ ಆದಮೇಲೆ, ಕಣ್ಣೆದುರಿಗೇ ನುಂಗಿಸಿ. ಹಿಂದೆಮುಂದೆ ಒಂದು ಗಂಟೆ ಟೀ ಬೇಡ. ಮಲ ಕಪ್ಪಗಾಗುತ್ತೆ, ಭಯ ಬೇಡ ಅಂತ ತಾಯಂದಿರಿಗೆ ಮೊದಲೇ ಹೇಳಿಬಿಡಿ. ತೀರಾ ಬಿಳಿಚಿಕೊಂಡಿದ್ದರೆ, ಏದುಸಿರು ಬರುತ್ತಿದ್ದರೆ ಪಿಎಚ್‌ಸಿಯಲ್ಲಿ ಹಿಮೋಗ್ಲೋಬಿನ್ ನೋಡಿಸದೆ ಓಡಿಸಬೇಡಿ.

ಎಸ್‌ಎಸ್‌ಎಲ್‌ಸಿ ರಜೆಯಲ್ಲಿ 18 ತುಂಬದ ಹುಡುಗಿಗೆ ಮದುವೆ ಮಾತು ಎದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆ ರಜೆಯಲ್ಲೂ ಅಭ್ಯಾಸ ನಿಲ್ಲಿಸದಿರಿ. ದಿನಾ ಬರುವ ಹುಡುಗಿ ಎರಡು ದಿನ ಬರದಿದ್ದರೆ ಗೆಳತಿಯರಿಗೆ ಗೊತ್ತಾಗುತ್ತೆ.

ಮಳವಳ್ಳಿ ಸೀಮೆ:

ಟೀಚರಮ್ಮ, ಮೇಷ್ಟ್ರೇ, ಬಡಗಿ ಅಣ್ಣ, ಕೈ ಮುಗಿದೆ. ಚಿಲಕ, ಬಕೆಟ್ಟು ಪಟ್ಟಿಯ ಮೊದಲಿಗೆ ಬಂತು. ಚೈತ್ರಾ ಆಟ ನೋಡಿ ನಮ್ಮ ಹುಡುಗಿಯರಿಗೆ ಮೊದಲು ಏನು ಕಲಿಸಬಹುದು?

ಅಂಕಣ ಮೇಷ್ಟ್ರು:

ಉಸಿರು ಉಳಿಸಿಕೊಳ್ಳೋದು. ವಿಶ್ವಕಪ್ ನಿಯಮದಲ್ಲಿ ಓಡುವ ತಂಡದ ಒಂದು ಬ್ಯಾಚ್ (ಒಟ್ಟಿಗೆ ಇಳಿಯುವ ಮೂವರು) ಮೂರು ನಿಮಿಷ ಔಟಾಗದೆ ಉಳಿದರೆ ಒಂದು ಅಂಕ, ಆಮೇಲೆ ಪ್ರತಿ 30 ಸೆಕೆಂಡಿಗೆ ಒಂದೊಂದು. ಅದೇ ಡ್ರೀಮ್ ರನ್. ಫೈನಲ್‌ನಲ್ಲಿ ಚೈತ್ರಾ ಬ್ಯಾಚ್ ಇದನ್ನೇ ಮಾಡಿದ್ದು. ಬರೀ ವೇಗದಿಂದ ಅಷ್ಟು ಹೊತ್ತು ನಿಲ್ಲೋಕಾಗಲ್ಲ.

ಬೆನ್ನಟ್ಟುವವಳು ನಡುಪಟ್ಟಿ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಹಾಗಾಗಿ ಓಡುವವಳು ಕೂತವರ ನಡುವೆ ಹಾವಿನ ಹಾಗೆ ಈಚೆಗೊಮ್ಮೆ ಆಚೆಗೊಮ್ಮೆ ದಾಟುತ್ತಾ ಹೋದರೆ ಬೆನ್ನಟ್ಟುವವಳು ಖೋ ಕೊಡಲೇಬೇಕು. ಇದು ಸಿಂಗಲ್ ಚೈನ್. ಎರಡು ಮೂರು ಚೌಕದ ಸುತ್ತಲೇ ಸುತ್ತೋದು ರಿಂಗ್, ಉಸಿರು ಸಿಗೋದು ಅಲ್ಲಿ. ಎಂಟು ಜನರನ್ನು ಕೂರಿಸಿ ಒಬ್ಬಳನ್ನೇ ಬಿಡಿ: ಒಂದು ನಿಮಿಷ ಓಟ, ಎರಡು ನಿಮಿಷ ಬಿಡುವು, ಐದು ಸುತ್ತು. ವಾರಕ್ಕೆ ಹತ್ತು ಸೆಕೆಂಡ್ ಏರಿಸಿ. ಕಣ್ಣು ಎದುರಾಳಿಯ ಸೊಂಟದ ಮೇಲಿರಲಿ, ಕೈ ಮೋಸ ಮಾಡುತ್ತೆ, ಸೊಂಟ ಮಾಡಲ್ಲ.

ಕೂತವರಿಗೂ ಪಾಠ ಇದೆ. ಬೆನ್ನಿಗೆ ಕೈ ತಾಕಿ "ಖೋ" ಅನ್ನೋ ಮುಂಚೆ ಎದ್ದರೆ ಫೌಲ್. ಹೊಸ ಹುಡುಗಿಯರ ಹೆಚ್ಚಿನ ಫೌಲ್ ಇದೇ. ಕಣ್ಣು ಮುಚ್ಚಿ ಕೂರಿಸಿ ಖೋ ಕೊಡಿಸಿ ನೋಡಿ, ಒಂದು ವಾರದಲ್ಲಿ ಬಿಟ್ಟುಹೋಗುತ್ತೆ.

ಅಂಕಣ ಮುಗಿದ ದಿನ ಚೈತ್ರಾ ಅವರನ್ನೇ ಕರೆಸಿ. ವೇದಿಕೆ ಹಾಕಿಸಬೇಡಿ, ಮೊದಲ ಖೋ ಅವರ ಕೈಯಿಂದ ಕೊಡಿಸಿ.